ಜಲಮೂಲ: ಇಲ್ಲ

ಹೆಗ್ಗದ್ದೆ
9 ಮಾರ್ಚ್ 2025

ಪ್ರೀತಿಯ ಕ್ಲೆಮೆಂಟಿನಾ,

ನಿನ್ನ ಕಾಗದ ಬಂದು ತಿಂಗಳಾಯಿತು. ಉತ್ತರ ಬರೆಯದೆ ಕೂತಿದ್ದಕ್ಕೆ ಬೈದುಕೋ. ಕೊಂಕಣಿಯಲ್ಲೇ ಬೈದುಕೋ, ನನಗೆ ಅರ್ಥವಾಗದಿದ್ದರೆ ಇಬ್ಬರಿಗೂ ಒಳ್ಳೆಯದು. ಫೋನ್ ಮಾಡೋಣವೆಂದರೆ ನಿನ್ನ ಕಿವಿಯ ವಿಷಯ ನಿನಗೇ ಗೊತ್ತು. ಹೋದ ಸಲ ನಾನು ಕಿರುಚಿದ ಕಿರುಚಾಟಕ್ಕೆ ಪಕ್ಕದ ತೋಟದವರು ಏನಾಯಿತೋ ಎಂದು ಓಡಿ ಬಂದರು. ನಾವೆಲ್ಲ ಚೆನ್ನಾಗಿದ್ದೇವೆ, ಮೈಗೆ ಸಂಬಂಧಪಟ್ಟ ಮಟ್ಟಿಗೆ.

ನಿನ್ನ ಸೊಂಟದ ಮೂಳೆ ಕೂಡಿಕೊಂಡಿದೆ ಎಂದು ನಿನ್ನ ಮಗ ಡ್ಯಾನ್ಸ್ಟನ್ ಹೇಳಿದ. ಸಂತೋಷ. ಆದರೂ ಇನ್ನೆರಡು ತಿಂಗಳು ಮಂಗಳೂರಿನಲ್ಲೇ ಇರು, ಆಲ್ವಿಟಾ ಹೇಳಿದ ಹಾಗೆ ಕೇಳು. ಮಗಳ ಮನೆ ಎಂದು ಅಡುಗೆಮನೆಗೆ ನುಗ್ಗಬೇಡ. ಇಲ್ಲಿ ರೊಬಸ್ಟಾ ಕಾಫಿ ಕೊಯ್ಲು ಮುಗಿಯಿತು, ಗಿಡ ಹೂ ಬಿಡೋಕೆ ಬೇಕಾದ ಹೂಮಳೆ ಇನ್ನೂ ಬಂದಿಲ್ಲ. ನಿಮ್ಮ ಮೆಣಸನ್ನು ನಿನ್ನ ಮಗ ಚೆನ್ನಾಗಿ ಒಣಗಿಸಿದ್ದಾನೆ. ನಿನಗಿಂತ ಚೆನ್ನಾಗಿ ಎಂದರೆ ಮುಖ ಊದಿಸಬೇಡ.

ಈಗ ವಿಷಯಕ್ಕೆ ಬರುತ್ತೇನೆ. ಎಣ್ಣೆಯ ಪೈಪ್‌ಲೈನ್ ನಮ್ಮ ತೋಟದೊಳಗೇ ಹೋಗುತ್ತದಂತೆ. ಅದೂ ನಿಮ್ಮ ಮನೆಗೆ ನೀರು ಬರುವ ಒರತೆಯ ಮೇಲೆಯೇ. ಅಮ್ಮ ಸ್ವಲ್ಪ ಓಡಾಡುವಂತಾಗಲಿ ಎಂದು ಡ್ಯಾನ್ಸ್ಟನ್ ಇಷ್ಟು ದಿನ ನಿನಗೆ ಹೇಳಿರಲಿಲ್ಲ. ಕೊನೆಗೆ ಮೊನ್ನೆ ಬಂದು, "ದೊಡ್ಡಮ್ಮ, ನೀವೇ ಬರೀರಿ. ನೀವು ಹೇಳಿದ್ರೆ ಅಮ್ಮ ತಡ್ಕೊಳ್ತಾರೆ" ಎಂದ. ಅವನಿಗೆ ನನ್ನ ಮೇಲೆ ಅಷ್ಟು ನಂಬಿಕೆ.

ಕರಾವಳಿಯಿಂದ ಘಟ್ಟ ಹತ್ತಿಸಿ ಡೀಸೆಲ್, ಪೆಟ್ರೋಲು ಸಾಗಿಸುವ ಹೊಸ ಪೈಪು ಬರುತ್ತದೆ ಎಂಬ ಮಾತು ನೀನು ಇಲ್ಲಿದ್ದಾಗಲೇ ಎದ್ದಿತ್ತಲ್ಲ. ಮೊದಲ ನಕ್ಷೆಯಲ್ಲಿ ಅದು ನಮ್ಮ ತೋಟದ ಮೇಲ್ತುದಿಯ ಬಂಡೆಸಾಲಿನ ಮೇಲೆ ಹೋಗುತ್ತಿತ್ತು. ಹೋದರೆ ನಾಲ್ಕು ಹಲಸು, ಒಂದಿಷ್ಟು ಸಿಲ್ವರ್ ಓಕ್ ಹೋಗುತ್ತದೆ, ಹಾಳಾಗಲಿ ಎಂದುಕೊಂಡಿದ್ದೆವು. ನಿನ್ನನ್ನು ಮಂಗಳೂರಿಗೆ ಕರೆದುಕೊಂಡು ಹೋದ ಮರುವಾರವೇ ಸರ್ವೆಯವರು ಬಂದರು. ಅರೇಬಿಕಾ ಕೊಯ್ಲಿನ ಗಡಿಬಿಡಿ, ನಾನು ಹಣ್ಣು ತೂಗುವಲ್ಲಿ ನಿಂತಿದ್ದೆ. ನವ್ಯಶ್ರೀ ಎಂಬ ಇಂಜಿನಿಯರು ಹುಡುಗಿ, ತಲೆಗೆ ಹಳದಿ ಟೋಪಿ, ಕೈಯಲ್ಲಿ ಒಂದು ಹಾಳೆ. ಒಳ್ಳೆಯ ಮಾತಿನ ಹುಡುಗಿ, ಕೂರಿಸಿ ಕಾಫಿ ಕೊಟ್ಟೆ. ಮನೆ ಎಲ್ಲಿದೆ, ಮರ ಎಷ್ಟಿವೆ, ಸಮಾಧಿ ಏನಾದರೂ ಇದೆಯಾ ಎಂದೆಲ್ಲ ಕೇಳಿ ಬರೆದುಕೊಂಡಳು. ಕೊನೆಗೆ, "ಆ ಕೆಳಗಿನ ತಗ್ಗಿನಲ್ಲಿ ನೀರಿನ ಮೂಲ ಏನಾದ್ರೂ ಇದೆಯಾ ಅಮ್ಮಾ? ಒರತೆ, ಹಳ್ಳ?" ಎಂದಳು.

"ಏನೂ ಇಲ್ಲ ಕಣಮ್ಮ" ಎಂದೆ.

ಕೆಂಚಯ್ಯ ಪಕ್ಕದಲ್ಲೇ ಇದ್ದ. ವರ್ಷವರ್ಷವೂ ಆ ಒರತೆಗಿಳಿದು ಹೂಳು ತೆಗೆಯುವವನೇ ಅವನು. ನನ್ನ ಮುಖ ಒಂದು ಸಲ ನೋಡಿದ, ಚೀಲ ಹೆಗಲಿಗೆ ಹಾಕಿಕೊಂಡು ಹೊರಟುಹೋದ. ಆ ಹುಡುಗಿ "ಜಲಮೂಲ: ಇಲ್ಲ" ಎಂದು ದುಂಡಗೆ ಬರೆದಳು. ಕೆಳಗೆ ನಾನು ಸಹಿ ಹಾಕಿದೆ.

ಯಾಕೆ ಹಾಗೆಂದೆ ಎಂದು ನೀನು ಕೇಳುತ್ತೀಯ. ನಮ್ಮ ಕಡೆಯವರ ಬುದ್ಧಿ ನಿನಗೆ ಗೊತ್ತಿಲ್ಲವೇ? ಕೈಯಲ್ಲಿ ಹಾಳೆ ಹಿಡಿದವರು ಬಂದು ನೀರೆಲ್ಲಿದೆ ಎಂದರೆ ಯಾರು ತೋರಿಸುತ್ತಾರೆ? ಹಳ್ಳ ಎಂದು ಬರೆದುಕೊಂಡರೆ ನಾಳೆ ಅದು ಸರ್ಕಾರದ ಖರಾಬು, ನಮ್ಮ ನೆಲ ನಮ್ಮದಲ್ಲ ಎನ್ನುತ್ತಾರೆ ಎಂದು ಎಲ್ಲರಿಗೂ ಹೆದರಿಕೆ. ಅದೇ ಹೆದರಿಕೆ ಎಂದುಕೋ.

ಜನವರಿಯಲ್ಲಿ ಹೊಸ ನಕ್ಷೆ ಬಂತು. ಮೇಲೆ ಬಂಡೆ ಒಡೆಯುವುದು ಕಷ್ಟ. ಕೆಳಗೆ ಮೆತ್ತನೆಯ ಮಣ್ಣು, ನೀರಿಲ್ಲ ಎಂದು ತೋಟದವರೇ ಬರೆದುಕೊಟ್ಟಿದ್ದಾರೆ. ಗೆರೆ ಕೆಳಗಿಳಿಯಿತು. ಈಗ ಒರತೆಯಿಂದ ಎರಡು ಮಾರು ಆಚೆಗೆ ಕೆಂಪು ಬಟ್ಟೆಯ ಗೂಟ ನಿಂತಿದೆ. ನಾನು ಇದೆ ಎಂದಿದ್ದರೆ ಪೈಪು ಮೇಲೆಯೇ ಹೋಗುತ್ತಿತ್ತಂತೆ. ಇದನ್ನು ಆ ಹುಡುಗಿಯೇ ನನಗೆ ಹೇಳಿದಳು, ಪಾಪ, ಸಮಾಧಾನ ಮಾಡೋಕೆ ಬಂದವಳು.

ಹದಿನೆಂಟು ಮೀಟರ್ ಅಗಲಕ್ಕೆ ಎಲ್ಲ ಬೋಳಿಸುತ್ತಾರೆ. ಪೈಪು ಹೂತ ಮೇಲೆ ನೆಲ ನಮ್ಮದೇ, ಆದರೆ ಮರ ನೆಡುವಂತಿಲ್ಲ, ಬಾವಿ ತೋಡುವಂತಿಲ್ಲ, ಕಣ ಕಟ್ಟುವಂತಿಲ್ಲ. ನಮ್ಮದು ಎಂದು ಹೇಳಿಕೊಂಡು ತಿರುಗಾಡುವುದಕ್ಕೆ ಮಾತ್ರ ಅಡ್ಡಿಯಿಲ್ಲ. ನೆರಳು ಹೋದರೆ ಅಂಚಿನ ಅರೇಬಿಕಾಕ್ಕೆ ಮೊದಲು ಕಾಂಡಕೊರಕ ಬೀಳುತ್ತದೆ, ಆಮೇಲೆ ಒಳಗೆ ಹಬ್ಬುತ್ತದೆ. ಕಡಿದ ಗಿಡಕ್ಕೆ ಪರಿಹಾರ ಕೊಡುತ್ತಾರೆ, ಆಮೇಲೆ ಒಣಗಿದ ಗಿಡ ಯಾರ ಲೆಕ್ಕಕ್ಕೂ ಇಲ್ಲ. ಮೋಹನ್ ಮಾತ್ರ, "ಹೆಂಗಿದ್ರೂ ಬಂದೇ ಬತ್ತದೆ ಕಣವ್ವ, ಕೊಟ್ಟಷ್ಟು ಇಸ್ಕಂಡು ಸುಮ್ನಿರನ" ಎನ್ನುತ್ತಾನೆ. ಹೆತ್ತ ಮಗನಿಗೆ ಬೈಯೋಣವೆಂದರೆ ತಪ್ಪು ಅವನದಲ್ಲ. ಕೆಂಚಯ್ಯನಂತೂ, "ಆನೆಗೊಂದು ಹೈವೇ ಆಯ್ತದೆ ಬುಡ್ರವ್ವ" ಎಂದು ನಗುತ್ತಾನೆ. ಆಮೇಲೆ ಒರತೆಯ ಮಾತು ಬಂದಾಗ ಅವನೂ ನಗಲಿಲ್ಲ. "ಜಲದ ಕಣ್ಣು ಒಂದ್ಸಲ ಕೆಡಿಸ್ಬುಟ್ರೆ ಅದು ಎತ್ತಗೋ ತಿರಿಕ್ಕಂಡು ಹೋಗ್ಬುಡ್ತದೆ. ಮತ್ತೆ ಕರುದ್ರೆ ಬರಲ್ಲ" ಎಂದ.

ಶಾಲೆಯಲ್ಲಿ ಸಭೆ ನಡೆಯಿತು. ಡ್ಯಾನ್ಸ್ಟನ್ ಎದ್ದು, ಪೈಪು ಸೋರಿದರೆ ಕೆಳಗಿನ ನೀರಿನ ಗತಿ ಏನು ಎಂದು ಕೇಳಿದ. ಕಂಪನಿಯವನು, "ಸೋರಲ್ಲ ಸಾರ್, ಸೋರಿದ್ರೂ ಕಂಪ್ಯೂಟರ್‌ಗೆ ತಕ್ಷಣ ಗೊತ್ತಾಗುತ್ತೆ" ಎಂದ. ನನಗೆ ತಡೆಯಲಾಗಲಿಲ್ಲ. "ಮಳೆಗಾಲದಲ್ಲಿ ದೋಣಿಗಲ್ ಹತ್ರ ರೋಡೇ ಜಾರ್ಕಂಡು ಹೋಯ್ತದಲ್ಲಪ್ಪ, ಗುಡ್ಡ ಜಾರ್ದಾಗ ನಿನ್ ಕಂಪ್ಯೂಟರ್ ಬಂದು ಹಿಡ್ಕತದಾ?" ಎಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಚಪ್ಪಾಳೆಯಿಂದ ಗೂಟ ಅಲ್ಲಾಡಲಿಲ್ಲ. ಉಳಿದದ್ದನ್ನು ಹಾಸನಕ್ಕೆ ಹೋಗಿ, ಪೈಪಿನ ತಕರಾರು ಕೇಳುವ ಅಧಿಕಾರಿಯನ್ನು ಕಂಡು ಬಂದು ಬರೆಯುತ್ತೇನೆ.

12 ಮಾರ್ಚ್

ಸೋಮವಾರ ಹೋಗಿ ಬಂದೆವು, ನಾನು ಮತ್ತು ಡ್ಯಾನ್ಸ್ಟನ್. ಎರಡು ದಿನ ಪೆನ್ನು ಹಿಡಿಯುವ ಮನಸ್ಸಾಗಲಿಲ್ಲ.

ಆ ಅಧಿಕಾರಿ ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಜಗಳವಾಡಿ ಬರುತ್ತಿದ್ದೆ. ಕುರ್ಚಿ ಕೊಟ್ಟ, ನೀರು ಕೊಟ್ಟ, ಫೈಲು ತೆಗೆದು ನನ್ನ ಮುಂದಿಟ್ಟ. "ಇದು ನಿಮ್ಮ ಸಹಿನೇ ತಾನೇ ಅಮ್ಮಾ?" ಹೌದು ಎಂದೆ. "ಡಿಸೆಂಬರ್‌ನಲ್ಲಿ ಇಲ್ಲ ಅಂದ್ರಿ, ಲೈನ್ ನಿಮ್ಮ ಕಡೆ ಬಂದ ಮೇಲೆ ಇದೆ ಅಂತೀರಿ. ಹೋದ ತಿಂಗಳಿಂದ ಎಲ್ರ ತೋಟದಲ್ಲೂ ಒರತೆ ಹುಟ್ಟಿದೆ. ನಾನು ಯಾರನ್ನ ನಂಬಲಿ?" ಡ್ಯಾನ್ಸ್ಟನ್ ಮೊಬೈಲಿನಲ್ಲಿ ನೀರು ಹರಿಯುವುದನ್ನು ತೋರಿಸಿದ. ಅವನು ಪೂರ್ತಿ ನೋಡಿ, "ನೀರು ನೀರಿನ ಹಾಗೇ ಇದೆ. ಇದು ಆ ಸರ್ವೆ ನಂಬರಿನ ನೀರು ಅಂತ ಯಾವ ದಾಖಲೇಲಿದೆ?" ಎಂದ. ಯಾವುದರಲ್ಲೂ ಇಲ್ಲ. ನಮ್ಮ ಯಜಮಾನರೂ ನಿನ್ನ ಜಾಕೋಬಣ್ಣನೂ ಒಂದು ಭಾನುವಾರ ಕೂತು ಮಾತಾಡಿಕೊಂಡು ನಿಮ್ಮ ಮನೆಗೆ ಎಳೆದ ನೀರಿನ ಪೈಪು ಅದು. ಇಬ್ಬರೂ ಹೋದರು, ಮಾತೂ ಅವರ ಜೊತೆ ಹೋಯಿತು.

ಆಕ್ಷೇಪಣೆಯ ಗಡುವು ಮುಗಿದಿದೆ. ನಾಳೆ ಗುರುವಾರ ಕಚೇರಿಗೆ ಮೇಲಿನ ಅಧಿಕಾರಿಗಳು ಬರುತ್ತಾರೆ, ಬೇಕಾದರೆ ಬಂದು ಹೇಳಿ ಎಂದಿದ್ದಾನೆ. ಹೇಳುವಾಗ ನನ್ನ ಮುಖ ನೋಡಲಿಲ್ಲ, ಆಗುವುದಿಲ್ಲ ಎಂದು ಅದರಲ್ಲೇ ಗೊತ್ತಾಯಿತು. ನಿಮ್ಮ ಜಾಗದಲ್ಲಿ ಮೂರು ಕಡೆ ಬೋರು ಕೊರೆಸಿ ಬರೀ ಧೂಳು ಬಂದದ್ದು ನನಗೆ ನೆನಪಿದೆ. ಆ ಒರತೆ ನಿಂತರೆ ನಿಮ್ಮ ಮನೆಯಲ್ಲಿ ಕುಡಿಯೋಕೆ ನೀರಿಲ್ಲ. ನಮಗಾದರೆ ಮನೆ ಹತ್ತಿರ ಬಾವಿ ಇದೆ. ನನ್ನ ಬಾವಿಯಿಂದ ನಿಮಗೆ ನೀರು ಎಳೆಯಿರಿ ಎಂದೆ. "ಏಪ್ರಿಲ್‌ನಲ್ಲಿ ನಿಮ್ಗೇ ಸಾಲಲ್ಲ ದೊಡ್ಡಮ್ಮ" ಎಂದು ನಿನ್ನ ಮಗ ನಕ್ಕ. ನನಗೆ ಏನು ಮಾಡಬೇಕೋ ತಿಳಿಯುತ್ತಿಲ್ಲ ಕ್ಲೆಮೆಂಟಿನಾ. ಬೆಳಿಗ್ಗೆ ಎದ್ದರೆ ಆ ಗೂಟದ ಹತ್ತಿರ ಹೋಗಿ ನಿಲ್ಲುತ್ತೇನೆ, ವಾಪಸು ಬರುತ್ತೇನೆ. ಕಿತ್ತು ಬಿಸಾಡಿದೆ ಒಂದು ದಿನ. ಸಂಜೆಯೊಳಗೆ ಮತ್ತೆ ನೆಟ್ಟು ಹೋಗಿದ್ದರು.

ಔಷಧಿ ತಪ್ಪಿಸಬೇಡ. ಆಲ್ವಿಟಾಗೆ, ಅವಳ ಮಕ್ಕಳಿಗೆ ನನ್ನ ಆಶೀರ್ವಾದ. ನಮ್ಮ ಮನೆದೇವರೂ ನಿಮ್ಮ ಮಾತೆಯೂ ಸೇರಿ ನಿನ್ನನ್ನು ಕೋಲಿಲ್ಲದೆ ನಡೆಸಲಿ, ಬೇಗ ಮನೆಗೆ ಕರೆತರಲಿ.

ನಿನ್ನ
ರಾಜಕ್ಕ
(ರಾಜಲಕ್ಷ್ಮಮ್ಮ)

ವಿ.ಸೂ.: ಕವರಿಗೆ ಹಾಕಿ ಅಂಟಿಸಿದ್ದೆ, ಹರಿದು ಮತ್ತೆ ತೆಗೆದೆ. ಇದನ್ನು ಆಲ್ವಿಟಾ ಕೈಲಿ ಓದಿಸಬೇಡ, ನೀನೇ ಓದು.

ಖರಾಬಿನ ಹೆದರಿಕೆ ಎಂದು ಬರೆದದ್ದು ಸುಳ್ಳು. ಹೋದ ದೀಪಾವಳಿಗೆ ನೀನು ನಮ್ಮ ಮನೆಗೆ ಬಂದವಳು, "ರಾಜಕ್ಕ, ಆ ನೀರಿಗೆ ಒಂದು ಕಾಗದ ಮಾಡಿಕೊಡಿ. ನಾವಿಬ್ರು ಇರೋವರೆಗೆ ಬೇಡ, ಮಕ್ಕಳ ಕಾಲಕ್ಕೆ ಇರಲಿ" ಎಂದು ಕೇಳಿದೆ. ನಾನು ನಕ್ಕು, ಚಕ್ಕುಲಿ ತಟ್ಟೆ ನಿನ್ನ ಕಡೆ ಸರಿಸಿ ಮಾತು ಬದಲಿಸಿದೆ. ನೀನು ಮತ್ತೆ ಕೇಳಲಿಲ್ಲ. ಆದರೆ ಅದು ನನ್ನೊಳಗೆ ಚುಚ್ಚಿಕೊಂಡೇ ಇತ್ತು. ನಲವತ್ತು ವರ್ಷ ಪ್ರೀತಿಯಿಂದ ಕೊಟ್ಟದ್ದನ್ನು ಈಗ ಹಕ್ಕು ಮಾಡಿಕೊಳ್ಳೋಕೆ ಬಂದಳಲ್ಲ ಎಂದು. ಆ ಹುಡುಗಿ ಕೇಳಿದಾಗ ನನ್ನ ತಲೆಯಲ್ಲಿ ಸರ್ಕಾರ ಇರಲಿಲ್ಲ, ನೀನಿದ್ದೆ. ಒರತೆ ಇದೆ, ಅದರ ನೀರು ಕೆಳಗಿನ ಮನೆಗೆ ಹೋಗುತ್ತದೆ ಎಂದು ಒಂದು ಸಲ ಬರಹಕ್ಕೆ ಬಿದ್ದರೆ ಅದೇ ನಿನ್ನ ಕಾಗದವಾಗುತ್ತದೆ ಎನಿಸಿತು. ಅದಕ್ಕೇ ಇಲ್ಲ ಎಂದೆ.

ಡ್ಯಾನ್ಸ್ಟನ್‌ಗೆ ಇದು ಗೊತ್ತಿಲ್ಲ. ಸೋಮವಾರ ಆ ಅಧಿಕಾರಿಯ ಮುಂದೆ ನನ್ನ ಹೆಗಲ ಮೇಲೆ ಕೈಯಿಟ್ಟು, "ನಮ್ಮ ದೊಡ್ಡಮ್ಮ ಸುಳ್ಳು ಹೇಳೋರಲ್ಲ ಸಾರ್, ಪಾಪ, ಹೆದರಿಕೊಂಡು ಹಾಗಂದ್ರು" ಎಂದ. ನಾಳೆ ಬೆಳಿಗ್ಗೆ ಜೀಪು ತರುತ್ತಾನೆ. ಅಲ್ಲಿಯೂ ಅದನ್ನೇ ಹೇಳುತ್ತಾನಂತೆ. ನಾನು ಪಕ್ಕದಲ್ಲಿ ನಿಂತು ಹೌದು ಎನ್ನಬೇಕು.