ಆನೆ ಅವಳದು

ಮಗಾ,

ಕಣ್ಣಿನ ಡಾಕ್ಟರ ಹತ್ತಿರ ಹೊರಟಿದ್ದೇನೆ, ಮಧ್ಯಾಹ್ನ ಬರುತ್ತೇನೆ. ಹಾಲು ಕಾಯಿಸಿಟ್ಟಿದ್ದೇನೆ. ನಿನ್ನ ಮಗಳು ಎದ್ದ ಕೂಡಲೇ ಅವಳ ಜೊತೆ ಕೂತು ಮಾತಾಡು.

ನಿನ್ನೆ ನಿನ್ನ ಸ್ನೇಹಿತನ ಮಗು ಅತ್ತಿತು ಅಂತ ನೀನು ಇವಳ ಬಟ್ಟೆಯ ಆನೆಯನ್ನು ಎತ್ತಿ ಕೊಟ್ಟು ಕಳಿಸಿದೆ. "ಅಪ್ಪಾ, ಅದು ನಂದು. ನನ್ನ ಕೇಳ್ಬೇಕಿತ್ತು" ಅಂದಿದ್ದಕ್ಕೆ ಎಲ್ಲರೆದುರು ಗದರಿಸಿದೆ. ಕೇಳದೆ ಯಾರ ವಸ್ತುವನ್ನೂ ಮುಟ್ಟಬಾರದು ಅಂತ ಅವಳಿಗೆ ಕಲಿಸಿದವನು ನೀನೇ ಅಲ್ಲವೇನೋ? ಐದು ವರ್ಷದ ಕೂಸು ಅದನ್ನು ಚಾಚೂ ತಪ್ಪದೆ ಪಾಲಿಸುತ್ತದೆ, ನನ್ನ ಕನ್ನಡಕ ಒರೆಸಿಕೊಡುವುದಕ್ಕೂ ಮೊದಲು "ತಗೊಳ್ಲಾ ಅಜ್ಜಿ?" ಅನ್ನುತ್ತದೆ. ಸ್ನಾನ ಮಾಡಿಸುವಾಗ "ಅಜ್ಜಿ, ದೊಡ್ಡೋರಿಗೆ ರೂಲ್ಸ್ ಇಲ್ವಾ?" ಅಂತ ಕೇಳಿದಳು.

ಹೊಸ ಆನೆ ತಂದು ತೇಪೆ ಹಾಕಬೇಡ. ತಪ್ಪಾಯಿತು ಅಂತ ಹೇಳು. ಆನೆ ವಾಪಸ್ ಬೇಕಾ ಅಂತ ಅವಳನ್ನೇ ಕೇಳು. ಬೇಕು ಅಂದರೆ ಸ್ನೇಹಿತನಿಗೆ ಫೋನ್ ಮಾಡು, ನಾಚಿಕೆಯಾದರೆ ಆಗಲಿ.

ನಿನಗೆ ಆರು ವರ್ಷವಿದ್ದಾಗ ನಿನ್ನ ಮೂರು ಗಾಲಿಯ ಸೈಕಲ್ಲನ್ನು ಒಂದು ಮಾತೂ ಕೇಳದೆ ನಾನು ಪಕ್ಕದ ಮನೆಗೆ ಕೊಟ್ಟಿದ್ದೆ. ನೀನು ಎರಡು ದಿನ ನನ್ನ ಜೊತೆ ಮಾತು ಬಿಟ್ಟೆ. ಮೊಂಡ ಅಂತ ಬೈದು ಸುಮ್ಮನಾಗಿದ್ದೆ. ಅದು ಮೊಂಡತನವಾಗಿರಲಿಲ್ಲ. ತಪ್ಪಾಯಿತು ಕಣೋ.

ಅಮ್ಮ