ಏಳನೆಯ ಪುಟದ ಕೊರಳು

ಪ್ರೆಸ್ಟನ್,
೩ ಮಾರ್ಚ್ ೧೯೯೧

ಶ್ರೀ ಟ್ಯಾಟರ್ಸಾಲ್ ಅವರಿಗೆ,

ನನ್ನ ದಿವಂಗತ ಪತಿ ವಿಲ್ಫ್ರೆಡ್ ಮಕ್ಕಳ ವಾರಪತ್ರಿಕೆಗಾಗಿ ಬರೆದ ‘ಶನಿಗ್ರಹದ ಸೇನಾನಿ’ ಚಿತ್ರಕಥೆಯನ್ನು ನೀವು ಮರುಮುದ್ರಿಸುತ್ತಿರುವುದು ತಿಳಿಯಿತು. ನೀವು ಕೇಳಿದ ಮೂಲ ಹಾಳೆಗಳನ್ನು ಕಳಿಸಿದ್ದೇನೆ.

ಏಳನೆಯ ಪುಟದಲ್ಲಿ ಸೇನಾನಿ ಒಂದೇ ಕೈಯಲ್ಲಿ ಪೈಲಟ್ ಹುಡುಗಿಯ ಕತ್ತು ಹಿಸುಕುತ್ತಾನೆ. ಮುಂದಿನ ಚಿತ್ರದಲ್ಲಿ ಅವಳ ಕೊರಳ ಮೇಲೆ ನೀಲಿ ಗುರುತುಗಳಿವೆ. ೧೯೫೩ರಲ್ಲಿ ಆ ಹಾಳೆಯನ್ನು ವಾರಪತ್ರಿಕೆಯ ಕಚೇರಿಗೆ ತಲುಪಿಸಿದವಳು ನಾನೇ, ಕೊರಳಿಗೆ ಸ್ಕಾರ್ಫ್ ಸುತ್ತಿಕೊಂಡು. “ಇಂಥಾದ್ದು ನೋಡಿದ್ರೆ ಮಕ್ಕಳು ಹೆದರ್ಕೋತಾರಮ್ಮ,” ಅಂದ ಸಂಪಾದಕರು ಗುರುತುಗಳ ಮೇಲೆ ಬಿಳಿ ಬಣ್ಣ ಬಳಿಸಿದರು. ಎಪ್ಪತ್ತೆರಡರ ಮರುಮುದ್ರಣದಲ್ಲಿ ಆ ಪುಟವನ್ನೇ ಕೈಬಿಟ್ಟರು.

ಬಿಳಿಯನ್ನು ನಾನು ಒದ್ದೆ ಹತ್ತಿಯಿಂದ ಒರೆಸಿ ತೆಗೆದಿದ್ದೇನೆ. ದಯವಿಟ್ಟು ಮತ್ತೆ ಬಳಿಸಬೇಡಿ. ಒಂದು ಕಡೆ ನಾಲ್ಕು ಬೆರಳು, ಇನ್ನೊಂದು ಕಡೆ ಹೆಬ್ಬೆರಳು ಸ್ಪಷ್ಟವಾಗಿ ಕಾಣಬೇಕು.

ಆ ಹುಡುಗಿಯ ಚಿತ್ರಗಳಿಗೆಲ್ಲ ನಾನೇ ಅಡುಗೆಮನೆಯ ಕಿಟಕಿಯ ಬಳಿ ನಿಲ್ಲುತ್ತಿದ್ದೆ. “ಅಲ್ಲಾಡ್ಬೇಡ ಕಣೇ, ಮಾಸೋದ್ರೊಳಗೆ ಬರ್ಕೋಬೇಕು,” ಅಂದಿದ್ದರು ವಿಲ್ಫ್ರೆಡ್, ಏಳನೆಯ ಪುಟ ಬರೆದ ದಿನ.

ನೀವು ಕಳಿಸಿದ ಮುನ್ನುಡಿಯ ಕರಡಿನಲ್ಲಿ ಅವರ ಕಲ್ಪನಾಶಕ್ತಿಯನ್ನು ಹೊಗಳಿದ್ದೀರಿ. ಆ ಸಾಲನ್ನು ತೆಗೆದುಹಾಕಿ. ವಿಲ್ಫ್ರೆಡ್ ಕಣ್ಣೆದುರು ಇದ್ದದ್ದನ್ನಷ್ಟೇ ಬರೆಯುತ್ತಿದ್ದ.

ಇಂತಿ,
ಎಡ್ನಾ ಓರ್ಮೆರಾಡ್