ಅಕ್ಕ ತೀರಿಕೊಂಡ ಕಾರಣದಿಂದ

ದುರ್ಗದಬೈಲ್ ಹಿಂದಿನ ಓಣಿ, ಹುಬ್ಬಳ್ಳಿ
ಜನವರಿ ೨೨, ೨೦೨೫

ಸೌಭಾಗ್ಯವತಿ ತಂಗಿ ಜಯಾಳಿಗೆ ಅಕ್ಕ ಸತ್ಯವ್ವನ ಆಶೀರ್ವಾದಗಳು.

ನಾನು ಇಲ್ಲಿ ಆರಾಮಾಗಿದ್ದೇನೆ. ಪತ್ರದ ಮೊದಲಿಗೆ ಈ ಮಾತನ್ನು ಎಲ್ಲರೂ ರೂಢಿಗೆ ಬರೆಯುತ್ತಾರೆ, ನಾನು ಬೇಕೆಂದೇ ಬರೆಯುತ್ತಿದ್ದೇನೆ. ಕೈಕಾಲು ಗಟ್ಟಿ ಇವೆ. ನಿನ್ನೆ ಒಬ್ಬಳೇ ಎರಡು ನೂರಾ ಹತ್ತು ರೊಟ್ಟಿ ಬಡಿದೆ, ಒಂದೂ ಹರಿಯಲಿಲ್ಲ.

ಎಂಟು ದಿನದಿಂದ ನಿನ್ನ ಫೋನ್ ಎತ್ತಿಲ್ಲ, ಸಿಟ್ಟಾಗಬೇಡ. ಹನ್ನೊಂದು ಸಲ ಮಾಡಿದ್ದೀ. ಸಂಕ್ರಾಂತಿಯ ಸಜ್ಜಿ ರೊಟ್ಟಿಯ ಗದ್ದಲ ಅಂತ ನಿನ್ನ ಯಜಮಾನರು ಕಲ್ಲೇಶಪ್ಪನವರಿಗೆ ಹೇಳಿದ್ದೆ. ಹಬ್ಬ ಮುಗಿದ ಮೇಲೆ ಎಂಥ ಗದ್ದಲ ಅಂತ ನೀನು ಕೇಳಬಹುದು. ಗದ್ದಲವಿಲ್ಲ, ಆ ಕಾರಣ ಸುಳ್ಳು. ನಿನಗೆ ಒಂದು ಸುಳ್ಳು ಕಾರಣ ಕೊಟ್ಟರೆ ಏನೂ ಕೊಳ್ಳೆ ಹೋಗುವುದಿಲ್ಲ ಅನ್ನಿಸಿತು. ಅದೇಕೆ ಅಂತ ಮುಂದೆ ಹೇಳುತ್ತೇನೆ. ನಿಮ್ಮ ಕೆಲಗೇರಿಗೆ ಬಸ್ಸು ಹತ್ತಿದರೆ ಒಂದು ತಾಸಿನಲ್ಲಿ ನಿನ್ನ ಮುಂದೆ ಬಂದು ಕೂಡಬಹುದಿತ್ತು. ಆದರೆ ಎದುರಿಗೆ ಕೂತರೆ ನೀನು ನಡುವೆ ಬಾಯಿ ಹಾಕುತ್ತೀ. ಪತ್ರಕ್ಕೆ ನಡುವೆ ಬಾಯಿ ಹಾಕಲು ಬರುವುದಿಲ್ಲ.

ನಿನಗೆ ಗೊತ್ತಿಲ್ಲದ ಸುದ್ದಿ ಮೊದಲು. ನಾನು ಇಂಗ್ಲಿಷ್ ಕಲಿಯುತ್ತಿದ್ದೇನೆ. ನಗಬೇಡ. ನಮ್ಮ ಓಣಿಯ ತುದಿಯಲ್ಲಿ ಕರೀಮಾಬಿ ಟೀಚರ್ ಇದ್ದಾರಲ್ಲ, ಹೈಸ್ಕೂಲಿನಿಂದ ನಿವೃತ್ತರಾದವರು, ಅವರು ಮಧ್ಯಾಹ್ನ ಮೂರಕ್ಕೆ ಹೆಂಗಸರನ್ನೆಲ್ಲ ಕೂಡಿಸಿಕೊಂಡು ಹೇಳಿಕೊಡುತ್ತಾರೆ. ನಾನೂ ನಮ್ಮ ರೊಟ್ಟಿ ಕೇಂದ್ರದ ಕಸ್ತೂರೆವ್ವನೂ ದಸರೆಯಿಂದ ಹೋಗುತ್ತಿದ್ದೇವೆ. ನಿನಗೆ ಬೇಕಂತಲೇ ಹೇಳಲಿಲ್ಲ. ನಿನ್ನ ಹುಟ್ಟುಹಬ್ಬಕ್ಕೆ ನಾಲ್ಕು ಸಾಲು ಇಂಗ್ಲಿಷಿನಲ್ಲಿ ಬರೆದು ನಿನ್ನ ಬಾಯಿ ಮುಚ್ಚಿಸಬೇಕು ಅಂತಿದ್ದೆ.

ಡಿಸೆಂಬರಿನಲ್ಲಿ ಟೀಚರು ಕಾರಣ ಹೇಳುವ ಶಬ್ದ, ಆ ಕಾರಣದಿಂದ ಏನಾಯಿತು ಅಂತ ಹೇಳುವ ಶಬ್ದ ಕಲಿಸಿದರು. ಬಿಕಾಸ್, ಸಿನ್ಸ್, ಸೋ, ದೇರ್‌ಫೋರ್. ನಮ್ಮಲ್ಲಿ ಹಿಟ್ಟು ಹಳೆಯದು, ಅದಕ್ಕೇ ರೊಟ್ಟಿ ಹರಿಯಿತು ಅನ್ನುತ್ತೇವೆ. ಇಂಗ್ಲಿಷಿನವರು ಮೊದಲು ರೊಟ್ಟಿ ಹರಿದು ಕೈಯಲ್ಲಿ ಕೊಟ್ಟು, ಆಮೇಲೆ ಬಿಕಾಸ್ ಅಂತ ಹಿಟ್ಟಿನ ಕಡೆ ಬೆರಳು ತೋರಿಸುತ್ತಾರೆ. ನಮ್ಮ ಕೇಂದ್ರದಲ್ಲಿ ಕೆಲಸ ತಪ್ಪಿಸುವವರೂ ಹೀಗೆಯೇ, ನಾಳೆ ಬರೂದಿಲ್ಲ ಅಂತ ಮೊದಲು ಹೇಳಿ ಕಾರಣ ಆಮೇಲೆ ಹುಡುಕುತ್ತಾರೆ. ಹಾಗಾಗಿ ನನಗೆ ಬೇಗ ತಿಳಿಯಿತು.

ಕಸ್ತೂರೆವ್ವ ಎದ್ದು ನಿಂತು, "ಐ ಈಟ್ ಬಿಕಾಸ್ ಹೊಟ್ಟಿ" ಅಂದಳು.

"ಹೊಟ್ಟಿ ಅಂದ್ರ ಕಾರಣ ಪೂರಾ ಆಗಂಗಿಲ್ಲವಾ," ಅಂದರು ಟೀಚರ್. "ಹೊಟ್ಟಿಗೆ ಏನಾಗೇತಿ, ಅದನ್ನ ಹೇಳು."

"ಏನೂ ಆಗಿಲ್ರಿ ಟೀಚರ್, ಆರಾಮ ಐತಿ. ಆದ್ರೂ ಉಣ್ತೇನಲ್ರಿ!"

ಎಲ್ಲರೂ ನಕ್ಕೆವು. ಅವತ್ತೇ ಟೀಚರು ಮನೆಪಾಠ ಕೊಟ್ಟರು. ಮನೆಯಲ್ಲಿ ಯಾವುದಾದರೂ ಖರೇ ಇಂಗ್ಲಿಷ್ ಪತ್ರವಿದ್ದರೆ ತರಬೇಕು, ಅದರಲ್ಲಿ ಇಂಥ ಶಬ್ದ ಎಲ್ಲೆಲ್ಲಿವೆ ಅಂತ ಗೆರೆ ಎಳೆಯಬೇಕು, ಎಲ್ಲರ ಮುಂದೆ ಓದಬೇಕು. ಉಳಿದವರು ಲೈಟ್ ಬಿಲ್ಲು, ಔಷಧದ ಚೀಟಿ ಹುಡುಕಿದರು. ನನ್ನ ಹತ್ತಿರ ಫೈಲೇ ಇತ್ತು. ಕೇಂದ್ರಕ್ಕೆ ಬರುವ ಪ್ರತಿ ಕಾಗದ, ಹೊರಗೆ ಹೋಗುವ ಪ್ರತಿ ಕಾಗದದ ಒಂದು ನಕಲು ಫೈಲಿಗೆ ಬೀಳಬೇಕು ಅನ್ನುವುದು ನನ್ನ ಕಾಯ್ದೆ. ಓದಲು ಬರಲಿ ಬಿಡಲಿ, ಕಾಗದ ಎಣಿಸಲು ನನಗೆ ಬರುತ್ತದೆ. ಹತ್ತು ವರ್ಷದಿಂದ ಇಂಗ್ಲಿಷ್ ಪತ್ರ ಬರೆಯುವವಳು ನೀನು, ಅದನ್ನು ಕನ್ನಡದಲ್ಲಿ ನನಗೆ ಓದಿ ಹೇಳುವವಳು ನೀನು, ಛಲೋ ಆತು ಅಂತ ಸಹಿ ಮಾಡುವವಳು ನಾನು. ಒಮ್ಮೆ ಕೇಳಿದ್ದೆ, ನೆನಪಿರಬೇಕು. ನೀನು ಹೇಳಿದ್ದು ಎರಡು ಮಾತು, ಹಾಳೆಯ ತುಂಬ ಇದೇನು ಇಷ್ಟೊಂದು ಅಂತ. "ಅಕ್ಕಾ, ಇಂಗ್ಲಿಷ್‌ನ್ಯಾಗ ಮರ್ಯಾದಿ ಮಾತು ಭಾಳ ಇರತಾವು" ಅಂದಿದ್ದೆ. ನಂಬಿದೆ. ಹಿಟ್ಟಿನ ಚೀಲವನ್ನೂ ಕೈ ಹಾಕಿ ನೋಡದೆ ಇಳಿಸಿಕೊಳ್ಳದ ನಾನು.

ಫೈಲಿನಿಂದ ನೀನು ಪುಣೆಗೆ ಬರೆದ ಒಪ್ಪಿಗೆ ಪತ್ರದ ನಕಲನ್ನೇ ತೆಗೆದೆ. ಎರಡು ವರ್ಷದ ಹಿಂದೆ ಅಲ್ಲಿಯ ಅಡುಗೆ ತರಬೇತಿ ಸಂಸ್ಥೆಯವರು ನನ್ನನ್ನು ಕರೆದಿದ್ದರಲ್ಲ, ಹತ್ತು ದಿನ ಬಂದು ಎಂಬತ್ತು ಹೆಂಗಸರಿಗೆ ಜೋಳದ ರೊಟ್ಟಿ ಕಲಿಸಬೇಕು ಅಂತ. ಅವರ ಪತ್ರ ನೀನು ಓದಿ ಹೇಳಿದ ದಿನ ಇಡೀ ಓಣಿಗೆ ಸಾರಿಕೊಂಡು ಬಂದಿದ್ದೆ. ಇಳಕಲ್ ಸೀರೆ ತೆಗೆದಿಟ್ಟು ಕುಪ್ಪಸ ಹೊಲಿಸಿದ್ದೆ. ಒಪ್ಪಿಗೆ ಬರೆದಾಯಿತು, ಇದಕ್ಕೆ ನಿನ್ನ ಸಹಿ ಬೇಡ ಅಂದೆ ನೀನು. ಎಂಟು ದಿನ ಬಿಟ್ಟು ಬಂದು, "ಅಕ್ಕಾ, ಅವರು ಕಾರ್ಯಕ್ರಮನ ರದ್ದು ಮಾಡ್ಯಾರ, ಬಿಡು" ಅಂದೆ. ನಾನು ಸೀರೆ ಮಡಚಿಟ್ಟೆ. ಓಣಿಯ ಜನ ಕೇಳಿದಾಗಲೆಲ್ಲ ರದ್ದಾತವಾ ಅಂತ ನಾನೇ ನಗುತ್ತ ಹೇಳಿದೆ. ಹೇಗೂ ಹೋಗುವುದಿಲ್ಲವಲ್ಲ ಅಂತ ಅದೇ ತಿಂಗಳು ನಿನ್ನ ಆಫೀಸಿನ ಗೆಳತಿಯರಿಗೆ ಇನ್ನೂರು ಕಡಕ್ ರೊಟ್ಟಿ ಬಡಿದುಕೊಟ್ಟೆ, ಎಳ್ಳು ಹಚ್ಚಿ, ಕಾಗದದಷ್ಟು ತೆಳುವು.

ಮರುದಿನ ಕ್ಲಾಸಿನಲ್ಲಿ ನನ್ನ ಪಾಳಿ ಬಂತು. ಎದ್ದು ನಿಂತು, ಸಿನ್ಸ್ ಅಡಿಯಲ್ಲಿ ಎಳೆದ ಕೆಂಪು ಗೆರೆ ತೋರಿಸಿ, ಒಂದೊಂದೇ ಶಬ್ದ ಕೂಡಿಸಿ ಗಟ್ಟಿಯಾಗಿ ಓದಿದೆ. ಸಿನ್ಸ್ ಮೈ ಎಲ್ಡರ್ ಸಿಸ್ಟರ್ ಸತ್ಯವ್ವ ಡೈಡ್ ಲಾಸ್ಟ್ ಇಯರ್, ಐ ಆಮ್ ರನ್ನಿಂಗ್ ದಿ ಸೆಂಟರ್. ಸೋ ಐ ವಿಲ್ ಕಮ್ ಇನ್ ಹರ್ ಪ್ಲೇಸ್.

ಅಕ್ಕ ಸತ್ಯವ್ವ ಹೋದ ವರ್ಷ ತೀರಿಕೊಂಡ ಕಾರಣದಿಂದ ಕೇಂದ್ರ ನಡೆಸುತ್ತಿರುವವಳು ನಾನು. ಆದ್ದರಿಂದ ಆಕೆಯ ಬದಲಿಗೆ ನಾನು ಬರುತ್ತೇನೆ.

ಓದುವಾಗ ನನ್ನ ಲಕ್ಷ್ಯವೆಲ್ಲ ಉಚ್ಚಾರದ ಮೇಲೆ. ಓದಿ ಮುಗಿಸಿ, ಟೀಚರು ಶಹಬ್ಬಾಸ್ ಅನ್ನಲಿ ಅಂತ ಮುಖ ನೋಡಿದೆ. ಅವರು ಕನ್ನಡಕ ತೆಗೆದು ಸೆರಗಿನಿಂದ ಒರೆಸುತ್ತಿದ್ದರು.

"ಟೀಚರ್, ಅಕ್ಕಾರು ತಪ್ಪು ಓದಿದ್ರೇನ್ರಿ?" ಅಂತ ಕಸ್ತೂರೆವ್ವ ಕೇಳಿದಳು.

"ಇಲ್ಲವಾ. ಒಂದೂ ತಪ್ಪಿಲ್ಲ," ಅಂದರು. "ಸತ್ಯವ್ವಾರ, ಕೂಡ್ರಿ. ನೀರು ಕುಡೀರಿ."

ಆಗ ತಿಳಿಯಿತು. ತನ್ನ ಸಾವಿನ ಸುದ್ದಿಯನ್ನು ಹದಿನಾಲ್ಕು ಹೆಂಗಸರ ಮುಂದೆ ತಾನೇ ನಿಂತು ಓದಿದವಳು ಹುಬ್ಬಳ್ಳಿಯಲ್ಲಿ ನಾನೊಬ್ಬಳೇ ಇರಬೇಕು.

ಸಂಸ್ಥೆಯವರ ಪತ್ರವನ್ನೂ ಟೀಚರು ಓದಿ ಹೇಳಿದರು. ಕರೆದವರೇ ಬರಬೇಕು, ಬದಲಿ ಜನ ನಡೆಯುವುದಿಲ್ಲ ಅಂತ ಅದರಲ್ಲಿ ಸ್ಪಷ್ಟವಾಗಿತ್ತು. ಆಗ ನಿನ್ನ ಜಾಣತನವೂ ತಿಳಿಯಿತು. ಅಕ್ಕನಿಗೆ ಹುಷಾರಿಲ್ಲ ಅಂತ ಬರೆದಿದ್ದರೆ ಮುಂದಿನ ತಿಂಗಳು ಬರಲಿ ಅನ್ನುತ್ತಿದ್ದರು. ತೀರಿಕೊಂಡಳು ಅಂದರೆ ಯಾರೂ ಎದುರು ಮಾತಾಡುವುದಿಲ್ಲ. ಆಮೇಲೆ ವರ್ಷಕ್ಕೆ ಎರಡು ಸಲ ಆಫೀಸಿನ ಟ್ರೇನಿಂಗ್ ಅಂತ ಪುಣೆಗೆ ಹೋಗುತ್ತೀಯಲ್ಲ, ಅದು ಯಾವ ಆಫೀಸು ಅಂತಲೂ ತಿಳಿಯಿತು.

ಒಂದು ಮಾತು ಮಾತ್ರ ಬಗೆಹರಿಯುವುದಿಲ್ಲ. ಆ ನಕಲನ್ನು ಫೈಲಿಗೆ ಹಾಕಿದವಳೂ ನೀನೇ. ಅದನ್ನು ಹರಿದು ಒಲೆಗೆ ಹಾಕಿದ್ದರೆ, ಅಕ್ಕನ ಅಂಜಿಕೆ ಒಂದಿಷ್ಟಾದರೂ ಇತ್ತಲ್ಲ ಅಂತ ಸಮಾಧಾನ ಮಾಡಿಕೊಳ್ಳುತ್ತಿದ್ದೆ. ನನ್ನ ಕಾಯ್ದೆಯಂತೆ ತೂತು ಹೊಡೆದು, ತಾರೀಖಿನ ಸಾಲಿನಲ್ಲಿ, ಜೋಡಿಸಿಟ್ಟಿದ್ದೀ. ಇವಳು ಇದನ್ನು ಯಾವ ಕಾಲಕ್ಕೂ ಓದಲಾರಳು ಅನ್ನುವುದು ನಿನಗೆ ಅಷ್ಟು ಖಾತ್ರಿಯಿತ್ತು.

ಆದರೂ ಸಂಕ್ರಾಂತಿಗೆ ನೀನು ಎಳ್ಳು ಕೊಡಲು ಬಂದಾಗ ನಿನಗೊಂದು ಅವಕಾಶ ಕೊಟ್ಟೆ. "ಅಕ್ಕಾ, ಆಫೀಸಿಂದ ಮತ್ತ ಪುಣೆಗೆ ಕಳಸಾಕತ್ತಾರ. ಕಡಕ್ ರೊಟ್ಟಿ ಒಂದ್ ನೂರು ಬೇಕಾಗತಾವು" ಅಂದೆ.

"ಯಾವ ಕಾರಣಕ್ಕವಾ?" ಅಂದೆ ನಾನು.

"ಗೆಳತ್ಯಾರು ಕೇಳ್ಯಾರ. ನಿನ್ನ ಕೈರೊಟ್ಟಿ ಅಂದ್ರ ಜೀವ ಬಿಡತಾರ."

"ಮತ್ತ್ಯಾವ ಕಾರಣನೂ ಇಲ್ಲ?"

"ಅಯ್ಯ, ರೊಟ್ಟಿಗೆ ಎಷ್ಟ್ ಕಾರಣ ಬೇಕು ನಿನಗ!" ಅಂತ ನಕ್ಕು ನನ್ನ ಬಾಯಿಗೆ ಎಳ್ಳು ಹಾಕಿದೆ. ಒಳ್ಳೆ ಮಾತಾಡು ಅಂದೆ. ನಾನು ಎಳ್ಳು ನುಂಗಿದೆ. ಅವತ್ತಿನಿಂದ ಫೋನ್ ಎತ್ತಿಲ್ಲ.

ಇವತ್ತು ಮುಂಜಾನೆ ನಾನೇ ಸಂಸ್ಥೆಗೆ ಇಂಗ್ಲಿಷಿನಲ್ಲಿ ಪತ್ರ ಬರೆದೆ. ನಾಲ್ಕೇ ಸಾಲು. ನಾನು ಸತ್ಯವ್ವ. ನಾನು ಜೀವಂತ ಇದ್ದೇನೆ. ನಾನು ಸತ್ತೆನೆಂದು ನನ್ನ ತಂಗಿ ಬರೆದ ಕಾರಣ ಇದನ್ನು ಬರೆಯುತ್ತಿದ್ದೇನೆ. ಆದ್ದರಿಂದ ಮುಂದಿನ ಪತ್ರ ನನಗೇ ಕಳಿಸಿರಿ. ಮರ್ಯಾದೆಯ ಮಾತು ಒಂದೂ ಹಾಕಲಿಲ್ಲ, ಆದರೂ ಪತ್ರ ಪೂರಾ ಆಯಿತು ನೋಡು.

ಟೀಚರು ಒಂದು ಅಕ್ಷರ ತಿದ್ದಿ, "ಇದನ್ನ ಖರೇನ ಕಳಸತೀರೇನ್ರಿ? ಜಯಾಗ ಅಲ್ಲಿ ಮತ್ತ ಮುಖ ತೋರ್ಸಾಕ ಆಗಂಗಿಲ್ಲ. ಒಡಹುಟ್ಟಿದಾಕಿ" ಅಂದರು.

"ಟೀಚರ್, ಸತ್ತಾವ್ರು ಪತ್ರ ಬರ್ಯೂದಿಲ್ಲ. ನಾ ಬರದೇನಿ. ಸೋ..." ಅಂದೆ. ಅವರು ನಗಲಿಲ್ಲ. ನಾನೂ ನಗಲಿಲ್ಲ.

ಅಂಚೆ ಪೆಟ್ಟಿಗೆಗೆ ಹಾಕಿ ಬಂದು ಇದನ್ನು ಬರೆಯಲು ಕೂತಿದ್ದೇನೆ. ಇನ್ನು ಮೇಲೆ ಕೇಂದ್ರದ ಇಂಗ್ಲಿಷ್ ಕಾಗದಗಳಿಗಾಗಿ ನೀನು ಬರುವುದು ಬೇಡ. ತಪ್ಪಿದರೂ ನಾನೇ ಬರೆಯುತ್ತೇನೆ. ಕಲ್ಲೇಶಪ್ಪನವರಿಗೆ ಏನು ಹೇಳುತ್ತೀಯೋ ಹೇಳು, ನಾನು ಬಾಯಿ ಬಿಡುವುದಿಲ್ಲ. ನೂರು ರೊಟ್ಟಿ ಮಾಡಿಲ್ಲ.

ಥಂಡಿ ಬಹಳ ಇದೆ, ಮುಂಜಾನೆ ತಣ್ಣೀರಲ್ಲಿ ಕೈ ಹಾಕಬೇಡ. ಎಲ್ಲವ್ವ ತಾಯಿ ನಿನ್ನ ಸಂಸಾರವನ್ನು ತಂಪಾಗಿ ಇಡಲಿ, ನಿನಗೆ ನನ್ನ ಆಯುಷ್ಯವೂ ಕೂಡಲಿ. ಹೇಗೂ ಎರಡು ವರ್ಷ ನೀನಾಗಲೇ ತೆಗೆದುಕೊಂಡಿದ್ದೀ.

ನಿನ್ನ ಅಕ್ಕ
ಸತ್ಯವ್ವ

ತಾಜಾಕಲಂ: ಇದನ್ನು ಬರೆಯಬಾರದು ಅಂತಿದ್ದೆ. ಅದೇ ಫೈಲಿನಲ್ಲಿ ಇನ್ನೊಂದು ಕಾಗದವಿತ್ತು. ನೀನು ಮೊದಲ ಸಲ ಹೋಗಿ ಬಂದ ಮೇಲೆ ಸಂಸ್ಥೆಯವರು ನಿನಗೆ ಬರೆದದ್ದು. ಅದನ್ನು ಟೀಚರಿಗೆ ತೋರಿಸಲಿಲ್ಲ, ಡಿಕ್ಷನರಿ ಇಟ್ಟುಕೊಂಡು ಮೂರು ದಿನ ಕೂತು ನಾನೇ ಓದಿದೆ. ನಿನ್ನ ಭಾಷಣ ಕೇಳಿ ಎಂಬತ್ತು ಹೆಂಗಸರೂ ಅತ್ತರಂತೆ. ಅವ್ವ ಹೋದ ಮೇಲೆ ಅಕ್ಕ ಹಿಟ್ಟಿನ ಕೈಯಲ್ಲೇ ನನ್ನ ಜಡೆ ಹಾಕುತ್ತಿದ್ದಳು, ಬೆಳ್ಳಗಾದ ಕೂದಲು ನೋಡಿ ಸಾಲೆಯಲ್ಲಿ ಹುಡುಗಿಯರು ಮುದುಕಿ ಅಂತ ಕಾಡುತ್ತಿದ್ದರು, ಅದಕ್ಕೆ ಅಕ್ಕನ ಮೇಲೆ ಸಿಟ್ಟಾಗುತ್ತಿದ್ದೆ, ನಾನು ಇವತ್ತು ಇಲ್ಲಿ ನಿಂತಿರುವುದು ಆಕೆಯ ಕಾರಣದಿಂದ, ಈ ಮಾತನ್ನು ಆಕೆಗೆ ಹೇಳಲಾಗಲೇ ಇಲ್ಲ ಅಂತ ನೀನು ಹೇಳಿದೆಯಂತೆ.

ಜಯಾ, ನಾನು ಒಂದು ತಾಸಿನ ದಾರಿಯಲ್ಲಿದ್ದೆ.